ಎರಡು ಸೀಟಿನ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

ಹಳೆಯ ಸ್ಪೋರ್ಟ್ಸ್ ಕಾರನ್ನು ಹತ್ತಲಾಗದು. ಬಾವಿಗೆ ಇಳಿದಂತೆ ಅದರೊಳಗೆ ಇಳಿಯಬೇಕು. ಕಾಲು ಚಾಚಿ ಕೂತರೆ ಎದುರಿಗೆ ಬರುವ ಎಮ್ಮೆಯೂ ನಮ್ಮನ್ನು ತಲೆ ಬಗ್ಗಿಸಿಯೇ ನೋಡಬೇಕು.

ಈ ಜ್ಞಾನ ನನಗೆ ಬಂದದ್ದು ಭಾವನವರಿಂದ. ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಿದ್ದ ವರ್ಷಗಳವು. ಭಾವನ ಯೂನಿಟ್ಟೂ ಜೋರಾಗಿ ನಡೆಯುತ್ತಿತ್ತು. ನಾನಲ್ಲಿ ಮಷಿನ್ ರಿಪೇರಿ ನೋಡಿಕೊಳ್ಳುತ್ತಿದ್ದೆ. ಓಬಳಾಪುರದ ಗಣಿ ಕಡೆ ಯಾರೋ ಶೋಕಿಗೆ ತರಿಸಿ ಬೇಸತ್ತಿದ್ದ, ಮೇಲೆ ಚಾವಣಿಯಿಲ್ಲದ ವಿಲಾಯಿತಿ ಕಾರನ್ನು ಭಾವ ಕೊಂಡು ತಂದರು. ಮನೆಯಲ್ಲಿ ಆರು ಜನ, ಕಾರಿನಲ್ಲಿ ಎರಡು ಸೀಟು. ಅಕ್ಕ ಮಾತು ಬಿಟ್ಟಳು.

ನನಗೆ ಹೆಣ್ಣು ನೋಡಲು ಬೊಮ್ಮನಹಾಳಿಗೆ ಹೊರಟಾಗ ಅದರಲ್ಲೇ ಹೋಗಬೇಕೆಂದು ಭಾವ ಹಟ ಹಿಡಿದರು. ನಾನೇ ಓಡಿಸಿದೆ. ಗಿಡ್ಡ ಗೇರು ಕಡ್ಡಿ, ಮುಟ್ಟಿದರೆ ಸಾಕು, ಗೇರು ಬೀಳುತ್ತಿತ್ತು. ರಸ್ತೆಯ ಪ್ರತಿ ಹರಳೂ ಸ್ಟೇರಿಂಗಿನಿಂದ ಅಂಗೈಗೆ, ಸೀಟಿನಿಂದ ಬೆನ್ನಿಗೆ ವರದಿ ಒಪ್ಪಿಸುತ್ತಿತ್ತು. ನಲವತ್ತರ ವೇಗ ತೊಂಬತ್ತರಂತೆ ಹೆದರಿಸುತ್ತಿತ್ತು. ಆದರೂ ತಿರುವಿನಲ್ಲಿ ಅದು ಚೂರೂ ವಾಲದೆ ನೆಲ ಕಚ್ಚಿ ಹರಿದಾಗ, ಸುಳ್ಳೇಕೆ, ಬಾಯ್ತುಂಬ ನಕ್ಕೆ. ಮುಂದಿದ್ದ ಅದಿರು ಲಾರಿಯ ಧೂಳೆಲ್ಲ ಆ ಬಾಯಿಗೇ ಬಂತು.

ಹುಡುಗಿಯ ಅಂಗಳ ತಲುಪಿದಾಗ ಇಬ್ಬರೂ ಅಡಿಯಿಂದ ಮುಡಿಯವರೆಗೆ ಕೆಂಪಗಿದ್ದೆವು. ಅವಳಪ್ಪ ಮೊದಲು ಮುಖಕ್ಕೆ ನೀರು ಕೊಡಿಸಿದರು, ಆಮೇಲೆ ಇಬ್ಬರಲ್ಲಿ ವರ ಯಾರೆಂದು ಕೇಳಿದರು. ಉಪ್ಪಿಟ್ಟು ಮುಗಿಯಿತು. ಕಾರು ನನ್ನದಲ್ಲವೆಂದು ತಿಳಿದ ಮೇಲೆ ಮಾತೂ ಮುಗಿಯಿತು. ಸಂಬಂಧ ಕೂಡುವ ಲಕ್ಷಣವಿರಲಿಲ್ಲ. ಆಗ, ಮನೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗಿ ಶಾರದಾ, ನನ್ನನ್ನು ಬಿಟ್ಟು ಕಾರನ್ನೇ ನೋಡುತ್ತ, "ನಾ ಒಂದು ಸುತ್ತು ಹೊಡೀಲೇನ್ರಿ?" ಎಂದಳು.

ಭಾವ ಬಿಳಿಚಿಕೊಂಡರು, ಬೇಡವೆನ್ನಲಾಗಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವಳು ಕಾಲುವೆ ದಂಡೆಯ ಮೇಲೆ ಹೊರಟಳು. ಎಡಕ್ಕೆ ನೀರು, ಬಲಕ್ಕೆ ಭತ್ತದ ಗದ್ದೆ, ನಡುವೆ ಕಾರಿಗೆ ಸರಿಯಾಗಿ ಸಾಲುವಷ್ಟೇ ದಾರಿ. ನನ್ನ ಕೈಯಲ್ಲಿ ತಾಸು ಹೊತ್ತು ಗೊಣಗಿದ್ದ ಎಂಜಿನ್ ಅವಳ ಕಾಲಡಿ ಹಾಡತೊಡಗಿತು. ವಾಪಸ್ ಅಂಗಳಕ್ಕೇ ತಂದು ನಿಲ್ಲಿಸಿದಳು.

ಮರುದಿನ ಒಪ್ಪಿಗೆ ಬಂತು. ಇವನೇ ಯಾಕೆಂದು ಅವಳಪ್ಪ ಕೇಳಿದ್ದಕ್ಕೆ, "ಅಷ್ಟು ಜೋರ್ ಹೊಡೆದ್ರೂ ಒಮ್ಮೆನೂ ಸ್ಟೇರಿಂಗಿಗೆ ಕೈ ಹಾಕಲಿಲ್ಲಪ್ಪ," ಅಂದಳಂತೆ.

ಮದುವೆಯಾದ ಮೇಲೆ ನಿಜ ಹೇಳಿದೆ: ಎರಡೂ ಕೈಯಲ್ಲಿ ಬಾಗಿಲು ಹಿಡಿದಿದ್ದೆ, ಹಾಕಲು ಮೂರನೆಯದಿರಲಿಲ್ಲ.

"ಗೊತ್ತಿತ್ರಿ," ಅಂದಳು. "ಕಣ್ಣೂ ಮುಚ್ಚಿದ್ರಿ."

ಹಾಗಾದರೆ ಅವಳು ರಸ್ತೆ ನೋಡುತ್ತಿರಲಿಲ್ಲವೇ ಎಂದು ನಾನಿನ್ನೂ ಕೇಳಿಲ್ಲ. ಸಂಸಾರ ನಡೆಯಲು ಇಷ್ಟು ನಂಬಿಕೆ ಸಾಕು.