ಫೆರ್ಮಿನ್‌ನ ಡೋಲು
ಲೊಯಿಸಾ ಊರಿನ ನಮ್ಮ ಕಲಾಮನೆಯಲ್ಲಿ ಡೋಲು ಬಾರಿಸುತ್ತಿದ್ದವನು ನನ್ನ ಗಂಡ ಫೆರ್ಮಿನ್. ಬೋಂಬಾ ಕುಣಿತದಲ್ಲಿ ಹೆಜ್ಜೆ ಮೊದಲು, ಡೋಲು ಅದಕ್ಕೆ ಉತ್ತರ ಕೊಡಬೇಕು. ಅವನು ಪಾದ್ರಿಯ ಕುಂಟು ನಡಿಗೆಗೂ, ಅಂಗಳ ದಾಟುವ ಕೋಳಿಗೂ ಉತ್ತರ ಕೊಟ್ಟವನು. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚು ಬಡಿಯುತ್ತಿತ್ತು. ಪ್ರತಿ ಭಾನುವಾರ ಎಲ್ಲರೆದುರು ಕೂಗುತ್ತಿದ್ದ: "ಏ ತೊಮಾಸಾ, ಬಾರೇ, ಒಂದೇ ಒಂದ್ ಹೆಜ್ಜೆ ಹಾಕು!" ನಾನು, "ಒಲೆ ಮೇಲೆ ತೊಗರಿಕಾಳು ಇಟ್ಟಿದೀನಿ, ಸುಮ್ನಿರು ಮಾರಾಯಾ," ಅನ್ನುತ್ತಿದ್ದೆ. "ಮೂವತ್ತು ವರ್ಷದಿಂದ ಬೇಯ್ತಾನೇ ಇದೆಯಲ್ಲೇ ನಿನ್ ಕಾಳು!" ಅಂದರೆ ಜನ ನಗುತ್ತಿದ್ದರು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ನನಗೆ ನಾಚಿಕೆ, ಅಷ್ಟೇ. ಅವನನ್ನು ಮಣ್ಣು ಮಾಡಿದ ಮೇಲಿನ ಭಾನುವಾರ ಕಲಾಮನೆಯ ಕಸ ಗುಡಿಸಲು ಹೋದೆ. ಯಾರೂ ಇರಲಿಲ್ಲ. ಲಂಗ ಎತ್ತಿ ಹಿಡಿದು, ಅವನ ಡೋಲಿನ ಮುಂದೆ ಒಂದು ಹೆಜ್ಜೆ ಹಾಕಿದೆ. ಲಂಗ ಬಿಡದೆ ತುಂಬ ಹೊತ್ತು ನಿಂತೇ ಇದ್ದೆ.