ಇಲ್ಲದ ಚೂರಿನ ಮೇಲಿನ ಗೀಟು

ಪೂರ್ವಜನ್ಮ, ಭೂತ, ಕಣಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ನಾನು ಹೇಳುವುದನ್ನು ಕೇಳಿ ನೀವು ಎದ್ದು ಹೋದರೂ ತಪ್ಪು ತಿಳಿಯುವುದಿಲ್ಲ.

ಎರಡನೇ ಮಹಾಯುದ್ಧದ ಕಾಲ. ನಾನು ದೊಡ್ಡಬಳ್ಳಾಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ತೂಬಗೆರೆಯ ಹೆಡ್‌ಮೇಷ್ಟ್ರು ನಂಜುಂಡಯ್ಯನವರು ಶಾಲೆಯ ಒಂದು ಕೋಣೆಯಲ್ಲಿ ಪುಟ್ಟ ವಸ್ತುಸಂಗ್ರಹಾಲಯ ಮಾಡಿದ್ದರು. ಊರಾಚೆ ಗುಡ್ಡದ ಬುಡದಲ್ಲಿ ಸುತ್ತ ಕಲ್ಲು ನೆಟ್ಟ ದಿಬ್ಬಗಳಿದ್ದವು. ಜನ ಅವನ್ನು ಪಾಂಡವರ ಮನೆ ಎನ್ನುತ್ತಿದ್ದರು. ಮೇಷ್ಟ್ರು, ಬಹಳ ಹಿಂದಿನವರ ಗೋರಿಗಳು ಎನ್ನುತ್ತಿದ್ದರು. ಗೋರಿ ಅಗೆಯುವವರನ್ನು ಕಂಡರೆ ಅವರಿಗಾಗದು. ಮಳೆಗೆ ಕೊಚ್ಚಿ ಬಂದ, ನೇಗಿಲಿಗೆ ಸಿಕ್ಕಿದ ಮಡಕೆ, ಮಣಿ, ತುಕ್ಕು ಹಿಡಿದ ಕತ್ತಿಗಳನ್ನಷ್ಟೇ ವರ್ಷಾನುಗಟ್ಟಲೆ ಕೂಡಿಟ್ಟಿದ್ದರು. ಅವುಗಳ ಚಿತ್ರ ಬರೆದುಕೊಡಲು ನನ್ನನ್ನು ಕರೆಸಿದರು.

ಮಡಕೆಗಳನ್ನು ನೋಡಿ ಬೆರಗಾದೆ. ಒಳಗೆ ಕಪ್ಪು, ಹೊರಗೆ ಕೆಂಪು. ನಿನ್ನೆ ತಿಕ್ಕಿಟ್ಟಂಥ ಹೊಳಪು. ಒಂದು ಕುಡಿಕೆಯನ್ನಂತೂ ಕೆಳಗಿಡಲು ಮನಸ್ಸೇ ಬರಲಿಲ್ಲ. ಅಷ್ಟು ತೆಳು, ಅಷ್ಟು ನುಣುಪು. ಅದರ ಒಂದು ಪಕ್ಕ ಅಂಗೈಯಗಲ ಒಡೆದುಹೋಗಿತ್ತು.

ಮಧ್ಯಾಹ್ನ ಕಿಟಕಿಯ ಬಳಿ ಕೂತು ಅದನ್ನು ಬರೆದೆ. ಮುಗಿಸಿ ನೋಡಿದರೆ ಒಡೆದ ಭಾಗವನ್ನೂ ತುಂಬಿಸಿಬಿಟ್ಟಿದ್ದೆ. ಅದರ ಮೇಲೆ ಏಣಿಯಂಥದೊಂದು ಗೀಟು: ಮೂರು ಮೆಟ್ಟಿಲು, ನಡುವಿನದು ಓರೆ. ಬರೆದ ನೆನಪೇ ನನಗಿರಲಿಲ್ಲ.

"ಇದೇನ್ರೀ, ಇಲ್ಲದ್ದನ್ನೆಲ್ಲ ಬರ್ದಿದ್ದೀರಿ?" ಎಂದರು ಮೇಷ್ಟ್ರು.

ನಾಚಿಕೆಯಾಗಿ ಅಳಿಸಲು ಹೋದೆ. "ಬಿಡಿ, ಕಾಗದ ಸಿಗೋದೇ ಕಷ್ಟ" ಎಂದು ಎತ್ತಿಟ್ಟರು.

ಹದಿನೈದು ದಿನ ಬಿಟ್ಟು ಹೋದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ಪಕ್ಕದಲ್ಲಿ ಮುನಿಯಮ್ಮನೆಂಬ ಒಕ್ಕಲು ಹೆಂಗಸು ನಿಂತಿದ್ದಳು. ಹಿಂದಿನ ದಿನ ಆ ದಿಬ್ಬಗಳ ಪಕ್ಕದ ತನ್ನ ಹೊಲದಲ್ಲಿ ಮಾವಿನ ಸಸಿಗೆ ಗುಂಡಿ ತೆಗೆಯುವಾಗ ಆಕೆಗೊಂದು ಮಡಕೆಚೂರು ಸಿಕ್ಕಿತ್ತು. ಮೇಷ್ಟ್ರು ಅದನ್ನು ಕುಡಿಕೆಗೆ ಹಿಡಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮೇಲೆ ಏಣಿ. ಮೂರು ಮೆಟ್ಟಿಲು. ನಡುವಿನದು ಓರೆ.

"ನಿಜ ಹೇಳಿ. ನೀವು ಮೊದ್ಲೇ ಹೋಗಿ ಅಗೆದಿದ್ರಾ?"

ಅವರು ನನ್ನನ್ನು ಕಳ್ಳನೆಂದು ತಿಳಿದರಲ್ಲ! "ನನ್ ಮಕ್ಕಳಾಣೆ ಮೇಷ್ಟ್ರೇ, ಆ ಹೊಲ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ."

ಮುನಿಯಮ್ಮ ತಾನಾಗಿ ಹೇಳಿದಳು: "ಮೊಣಕಾಲುದ್ದ ಅಗೆದ್ಮ್ಯಾಕೆ ಸಿಕ್ತು ಸಾಮಿ. ಗಟ್ಟಿ ನೆಲ. ಯಾರೂ ಮುಟ್ಟಿರ್ಲಿಲ್ಲ."

ಮೇಷ್ಟ್ರು ನನ್ನ ಚಿತ್ರವನ್ನು ತೆಗೆದು ಚೂರಿನ ಪಕ್ಕಕ್ಕಿಟ್ಟು ನೋಡಿದರು. "ನಿಮ್ಮನ್ನ ನಂಬ್ತೀನಿ. ಈ ಗೀಟನ್ನ ಹೇಗೆ ನಂಬೋದು?" ಎಂದು, ಇನ್ನೊಂದು ಒಡೆದ ಮಡಕೆ ತಂದು ನನ್ನ ಮುಂದಿಟ್ಟರು.

ಅವರ ಮುಂದೆ ನನ್ನ ಮರ್ಯಾದೆ ಉಳಿಯಲೆಂದು ಸಂಜೆಯವರೆಗೂ ಪೆನ್ಸಿಲ್ ಹಿಡಿದು ಕೂತೆ. ಅದರ ಒಡೆದ ಭಾಗಕ್ಕೆ ಒಂದು ಗೀಟೂ ಮೂಡಲಿಲ್ಲ. ಆ ಕುಡಿಕೆ ಮಾಡಿದ ಕೈ ಯಾರದೋ, ಆ ಒಂದು ಮಧ್ಯಾಹ್ನ ಆ ಕೈಯ ಗೀಟು ನನ್ನ ಕೈಗೆ ಹೇಗೆ ಬಂದುಹೋಯಿತೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಆವತ್ತು ಬೆಳಕು ಹೋದಾಗ, ಮೇಷ್ಟ್ರೇ ಮೆಲ್ಲಗೆ ನನ್ನ ಕೈಯಿಂದ ಪೆನ್ಸಿಲ್ ಬಿಡಿಸಿಕೊಂಡರು.