ಬೋಟಿನಿಂದ ಇಳಿಯದ ಕಪ್ತಾನ

ಮೊನ್ನೆ ಶುಕ್ರವಾರ ನನ್ನ ಮೊಮ್ಮಗಳು ವೇದಿಕೆಯ ಮೇಲೆ ನಿಂತು ಕನ್ನಡದಲ್ಲಿ ಮಾತಾಡಿದಳು! ಎಷ್ಟು ಜನರಿಗೆ ಫೋನು ಮಾಡಿ ಹೇಳಿದರೂ ಸಾಕಾಗದೆ ಈಗ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದೆಲ್ಲ ಮಲ್ಪೆಯ ಮೀನಿನ ಬೋಟಿನಲ್ಲಿ ಕಲಿತದ್ದು. ಅಲ್ಲಿ ನಾನು ತಾಂಡೇಲ, ಅಂದರೆ ಬೋಟು ನಡೆಸುವವನು.

ಈಗ ನಾನೂ ನನ್ನ ಹೆಂಡತಿಯೂ ಕೊಲ್ಲಿ ದೇಶದಲ್ಲಿ, ಮದೀನತ್ ಖಲೀಫಾ ಎಂಬಲ್ಲಿ ಮಗನ ಮನೆಯಲ್ಲಿದ್ದೇವೆ. ಇಲ್ಲಿ ನಮ್ಮವರು ವರ್ಷಕ್ಕೊಮ್ಮೆ ಒಂದು ಹಾಲ್ ಹಿಡಿದು ಮಕ್ಕಳಿಂದ ಕನ್ನಡ ಭಾಷಣ ಮಾಡಿಸುತ್ತಾರೆ. ಹೋದ ವರ್ಷ ಮೊಮ್ಮಗಳು ಎರಡು ಮಾತಾಡಿ ನಿಂತುಬಿಟ್ಟಳು. ನಾನು ಮುಂದಿನ ಸಾಲಿನಿಂದಲೇ, "ಎಂತ ನೋಡ್ತಿ? ಹೇಳು!" ಎಂದು ಗದರಿದೆ. ಗಾಳಿಗೆದುರಾಗಿ ಕೂಗಿ ಅಭ್ಯಾಸವಾದ ಗಂಟಲು. ಮಗು ಅಳುತ್ತಾ ಇಳಿದು ಬಂತು. ಆಮೇಲೆ ಹೊರಗಿನವರೆದುರು ಕನ್ನಡದ ಒಂದು ಶಬ್ದವೂ ಇಲ್ಲ.

ಈ ಸಲ ಪ್ರಪಂಚದ ದೊಡ್ಡವರ ಜೀವನಕಥೆ ಹೇಳಬೇಕಿತ್ತು. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಒಬ್ಬ ನೌಕಾಪಡೆಯ ಅಧಿಕಾರಿ. ಆಮೇಲೆ ದೇಶವನ್ನೇ ಆಳಿದವನು. ಅವನ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಹೇಳುತ್ತೇನೆಂದು ಒಪ್ಪಿಕೊಂಡಳು, ಆದರೆ ಒಂದೇ ಷರತ್ತು: "ಅಜ್ಜ ಬರಬಾರದು."

ನನಗೆ ಊಟ ಸೇರಲಿಲ್ಲ. ಹೆಂಡತಿ ಬಿಡುತ್ತಾಳೆಯೇ? "ಮಗು ಸರೀ ಹೇಳಿದ್ದಾಳೆ. ಈ ಫ್ಲ್ಯಾಟನ್ನೂ ಬೋಟು ಅಂತ ತಿಳ್ಕೊಂಡಿದ್ದೀರಿ ನೀವು!"

ಸೊಸೆ ಅವಳಿಗೆ ಕಥೆ ಓದಿ ಹೇಳುವಾಗ ನಾನು ಬಾಗಿಲ ಹತ್ತಿರ ಕೂತು ಕೇಳುತ್ತಿದ್ದೆ. ಯುದ್ಧದಲ್ಲಿ ಗಾಯವಾದರೂ ಆ ಮನುಷ್ಯ ತನ್ನ ಹಡಗು ಬಿಡಲಿಲ್ಲವಂತೆ. ದೇಶ ದಿಕ್ಕುಗೆಟ್ಟಾಗ ಜನರೇ ಕರೆದು ಕೂರಿಸಿದರಂತೆ. ಕೂತವನು ಎದುರು ಮಾತಾಡಿದವರನ್ನು ಜೈಲಿಗೆ ಹಾಕಿದ, ಪತ್ರಿಕೆ ಮುಚ್ಚಿಸಿದ. ಕಡೆಗೆ ಪದವಿ ಹೋಗಿ, ಪರದೇಶದ ಬಾಡಿಗೆ ಮನೆಯಲ್ಲಿ, ಸಮುದ್ರ ಕಾಣುವ ಕಿಟಕಿಯ ಹತ್ತಿರ ಸತ್ತನಂತೆ. ಪಾಪ ಅನಿಸಿತು ನನಗೆ.

"ಅಮ್ಮಾ, ಇವ ಗುಡ್ ಆ, ಬ್ಯಾಡ್ ಆ?"

"ನಂಗೆಂತ ಗೊತ್ತು? ಸಮುದ್ರದವರನ್ನು ಕೇಳು," ಎಂದು ಸೊಸೆ ನನ್ನ ಕಡೆ ಕಣ್ಣು ಹಾಯಿಸಿದಳು.

ಮಗು ದೂರದಲ್ಲೇ ನಿಂತಿತು. ನಾನು ದನಿ ತಗ್ಗಿಸಿ ಹೇಳಿದೆ: "ನೋಡು ಮಗಾ, ನಡುನೀರಲ್ಲಿ ತಾಂಡೇಲ ಹೇಳಿದ್ದೇ ಕೊನೆ. ಅಲ್ಲಿ ವಾದ ಮಾಡಿದ್ರೆ ಬೋಟು ಮುಳುಗ್ತದೆ. ಆದ್ರೆ ದಡಕ್ಕೆ ಬಂದ ಮೇಲೆ ತಾಂಡೇಲನೂ ಎಲ್ಲರ ಜೊತೆ ನೆಲಕ್ಕೆ ಕೂತು ಹರಿದ ಬಲೆ ಹೊಲೀಬೇಕು. ಆಗ ಸಣ್ಣವನೂ ಅವನಿಗೆ ತಮಾಷೆ ಮಾಡಬಹುದು. ಇವ ಧೈರ್ಯದವ, ಆದ್ರೆ ಬೋಟಿಂದ ಇಳೀಲೇ ಇಲ್ಲ."

ಅವಳು ನನ್ನನ್ನೇ ನೋಡಿದಳು. "ನಿಮ್ಮ ಹಾಗೆ?"

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿತು. ನನಗೆ ನಗು ಬರಲಿಲ್ಲ. "ಹೌದು ಮಗಾ," ಎಂದೆ. "ಹೋದ ವರ್ಷ ನಾನು ಕೂಗಿದ್ದು ತಪ್ಪು." ಮಗನ ಹತ್ತಿರವೂ ಯಾವತ್ತೂ ಆಡದ ಮಾತು ಅದು.

ಸ್ವಲ್ಪ ಯೋಚಿಸಿ ಅವಳೆಂದಳು: "ಬನ್ನಿ. ಬಟ್ ಲಾಸ್ಟ್ ರೋ. ಬಾಯಿ ತೆಗೆದ್ರೆ ಖಲಾಸ್!"

ಶುಕ್ರವಾರ ಕೊನೆಯ ಸಾಲಿನಲ್ಲಿ ಕೂತೆ. ಮೊಮ್ಮಗಳ ಕಥೆಯಲ್ಲಿ ಯುದ್ಧ ಮುಗಿಯಿತು, ಜೈಲು ಬಂತು, ಅಲ್ಲಿಗೆ ಮಾತು ನಿಂತಿತು. ನನ್ನ ಗಂಟಲಿಗೆ ಕೂಗು ಬಂದೇಬಿಟ್ಟಿತು. ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ಎಳೆದು ಬಾಯಿಗೆ ತುರುಕಿ ಕಚ್ಚಿಕೊಂಡೆ. ಪಕ್ಕದವರು ನನಗೇನೋ ಆಯಿತೆಂದು ನೀರಿನ ಬಾಟಲಿ ಚಾಚಿದರು.

ಮಗು ಅಲ್ಲಿಂದಲೇ ನನ್ನನ್ನು ನೋಡಿತು. ಒಂದು ಉಸಿರು ಎಳೆದುಕೊಂಡು, ಆ ಮನುಷ್ಯನ ಸಾವಿನವರೆಗೆ ನಿಲ್ಲದೆ ಹೇಳಿ, ಕೊನೆಗೆ ಕಾಗದದಲ್ಲಿಲ್ಲದ ಮಾತು ಸೇರಿಸಿತು: "ಇವರು ಧೈರ್ಯದವರು. ಆದ್ರೆ ಬೋಟಿಂದ ಇಳೀಲಿಲ್ಲ."

ಚಪ್ಪಾಳೆಯೋ ಚಪ್ಪಾಳೆ! ಓಡಿ ಬಂದವಳೇ, "ಅಜ್ಜ, ನೀವು ಕೂಗಲೇ ಇಲ್ಲ!" ಎಂದಳು. ನಾನು ಉತ್ತರ ಕೊಡಲು ಹೋದರೆ ಬೈರಾಸು ಇನ್ನೂ ಬಾಯಲ್ಲೇ ಇತ್ತು. ಅವಳೇ ಎಳೆದು ತೆಗೆದು ನನ್ನ ಕಣ್ಣು ಒರೆಸಿದಳು.